ಎರಡು ವಾರವೋ, ಒಂದು ಸೆಮಿಸ್ಟರೋ? ಕಮ್ಯುನಿಟಿ ಕಾಲೇಜಿನ ಬಡ ಮಕ್ಕಳಿಗೆ ವಿದೇಶದ ದಾರಿ

ಜನವರಿ ಕೊನೆಯ ಒಂದು ಗುರುವಾರ ಒಬ್ಬ ಹುಡುಗಿ ನನ್ನ ಮೇಜಿನ ಮುಂದೆ ಬಂದು ಕೂತಳು. ಕೈಯಲ್ಲಿ ಒಂದು ಬಣ್ಣದ ಕಾಗದ. ಸ್ಪೇನ್, ಹತ್ತು ದಿನ, ಕಾಲೇಜಿನ ಮೇಷ್ಟ್ರ ಜೊತೆ. “ಇದಕ್ಕೆ ದುಡ್ಡು ಎಲ್ಲಿ ಸಿಗುತ್ತೆ?” ಎಂದು ಕೇಳಿದಳು.

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗುರುವಾರ ಮಧ್ಯಾಹ್ನ ನಾನು ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಡುತ್ತೇನೆ. ಸಂಬಳದ ಕೆಲಸವಲ್ಲ. ಕ್ಯಾಂಟೀನಿನ ಪಕ್ಕ ಒಂದು ಮಡಚುವ ಮೇಜು, ಎರಡು ಕುರ್ಚಿ, ನನ್ನ ಲ್ಯಾಪ್‌ಟಾಪ್, ಅಷ್ಟೇ. ದುಡ್ಡಿನ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ತಿರುಗಿ ಕೇಳುತ್ತೇನೆ: “ನಿನಗೆ ಎಷ್ಟು ದಿನ ಬಿಡುವು ಸಿಗುತ್ತೆ?”

ಅವಳು ಒಂದು ಬೇಕರಿಯಲ್ಲಿ ಬೆಳಗಿನ ಜಾವ ನಾಲ್ಕರಿಂದ ಹತ್ತರವರೆಗೆ ದುಡಿಯುತ್ತಾಳೆ. ಆಮೇಲೆ ಕ್ಲಾಸು. ಮಧ್ಯಾಹ್ನ ತಮ್ಮನನ್ನು ಸ್ಕೂಲಿನಿಂದ ಕರೆತರಬೇಕು. ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. ಜೂನ್‌ನಲ್ಲಿ ಅಜ್ಜಿ ಬಂದಿರುತ್ತಾರೆ, ತಮ್ಮನನ್ನು ನೋಡಿಕೊಳ್ಳುತ್ತಾರೆ. ಬೇಕರಿ ಓನರ್ ಹತ್ತಿರ ಕೇಳಿಕೊಂಡರೆ ಹದಿನೆಂಟು ದಿನ ಸಿಗಬಹುದು.

ಆ ಹದಿನೆಂಟು ದಿನವೇ ಎಲ್ಲವನ್ನೂ ತೀರ್ಮಾನ ಮಾಡಿತು. ಹತ್ತು ದಿನದ ಸ್ಪೇನ್‌ಗೆ ದೊಡ್ಡ ಸ್ಕಾಲರ್‌ಶಿಪ್ ಯಾವುದೂ ಸಿಗುವುದಿಲ್ಲ. ಅದೇ ಕಾಲೇಜಿನ ಹದಿನಾರು ದಿನದ ಕೋಸ್ಟಾರಿಕಾ ಕೋರ್ಸಿಗೆ ಸಿಗುತ್ತದೆ. ಸ್ಪೇನ್ ಕಾಗದದ ಮೇಲೆ ಅಗ್ಗ. ಆದರೆ ಅವಳ ಜೇಬಿನಿಂದ ಹೋಗುವ ದುಡ್ಡು ನೋಡಿದರೆ ಅದೇ ದುಬಾರಿ.

ಅಮೆರಿಕದಲ್ಲಿರುವ ನಮ್ಮವರಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರಿದ್ದಾರೆ. ಕನ್ನಡ ಕೂಟಗಳಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಹಣ ಕೂಡಿಸುವವರಿದ್ದಾರೆ. ಮಕ್ಕಳನ್ನು ಕಮ್ಯುನಿಟಿ ಕಾಲೇಜಿಗೆ ಕಳಿಸಿದವರೂ ಇದ್ದಾರೆ, ಗೆಟ್-ಟುಗೆದರ್‌ಗಳಲ್ಲಿ ಹೇಳಿಕೊಳ್ಳುವುದಿಲ್ಲ ಅಷ್ಟೇ. ಅವರೆಲ್ಲ ನನ್ನನ್ನು ಕೇಳುವುದು ಒಂದೇ: ಯಾವುದು ಒಳ್ಳೆಯದು, ಚಿಕ್ಕ ಪ್ರವಾಸವೋ, ಸೆಮಿಸ್ಟರೋ, ಡಿಗ್ರಿಯೇ ಅಲ್ಲಿ ಮಾಡುವುದೋ? ನನ್ನ ಮಟ್ಟಿಗೆ ಉತ್ತರ ಇಷ್ಟೇ. ಮೊದಲು ದಿನ ಎಣಿಸಿ, ಆಮೇಲೆ ಡಾಲರ್ ಎಣಿಸಿ.

ಇವರು ಯಾರು

ಕರ್ನಾಟಕದಲ್ಲಿರುವ ಓದುಗರಿಗೆ ಒಂದು ಮಾತು. ಇಲ್ಲಿನ ಕಮ್ಯುನಿಟಿ ಕಾಲೇಜು ಎರಡು ವರ್ಷದ್ದು. ಇಂಥ ಮೊದಲನೆಯ ಸರ್ಕಾರಿ ಕಾಲೇಜು ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾಯಿತು. ಈಗ ದೇಶದಲ್ಲಿ ಸಾವಿರದಷ್ಟಿವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ 116. ಎರಡು ವರ್ಷ ಇಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬಹುದು. ನರ್ಸಿಂಗ್, ವೆಲ್ಡಿಂಗ್ ಕಲಿತು ನೇರ ಕೆಲಸಕ್ಕೂ ಹೋಗಬಹುದು. ಫೀಸು ಕಡಿಮೆ. ಕ್ಯಾಲಿಫೋರ್ನಿಯಾದವರಿಗೆ ಒಂದು ಯೂನಿಟ್‌ಗೆ (ಕ್ರೆಡಿಟ್ ಅಂತಾರಲ್ಲ, ಅದು) 46 ಡಾಲರ್. ಬಡವರಿಗೆ ಅದನ್ನೂ ಮನ್ನಾ ಮಾಡುತ್ತಾರೆ.

ಹಾಗಾಗಿ ಇಲ್ಲಿಗೆ ಬರುವವರೇ ಬೇರೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ದ್ರಾಕ್ಷಿ ತೋಟದ ಕೂಲಿಗಳ ಮಕ್ಕಳು, ಎರಡು ಮಕ್ಕಳ ತಾಯಂದಿರು, ರಾತ್ರಿ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿ ಹಗಲು ಕ್ಲಾಸಿಗೆ ಬರುವವರು. ದೇಶದ ಡಿಗ್ರಿ ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಜನ ಕಮ್ಯುನಿಟಿ ಕಾಲೇಜಿನವರು. ಅದೇ ವಿದೇಶಕ್ಕೆ ಓದಲು ಹೋಗುವ ಅಮೆರಿಕನ್ನರಲ್ಲಿ ಇವರು ನೂರಕ್ಕೆ ಸುಮಾರು ಇಬ್ಬರು. ಆಸೆ ಇಲ್ಲ ಅಂತಲ್ಲ. ಹೋಗಿಬರುವ ಪದ್ಧತಿ ಇರುವುದೇ ಕೆಲಸವಿಲ್ಲದ, ಸಂಸಾರವಿಲ್ಲದ, ಅಪ್ಪನ ಕ್ರೆಡಿಟ್ ಕಾರ್ಡ್ ಇರುವ ಇಪ್ಪತ್ತು ವರ್ಷದವರಿಗಾಗಿ. ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತೀವಲ್ಲ, ಇದೂ ಹಾಗೇ.

ಎರಡು–ನಾಲ್ಕು ವಾರ: ಮೇಷ್ಟ್ರ ಜೊತೆ ಹೋಗುವುದು

ಕಾಲೇಜಿನ ಒಬ್ಬ ಅಧ್ಯಾಪಕರು ಹದಿನೈದಿಪ್ಪತ್ತು ಮಕ್ಕಳನ್ನು ಕರೆದುಕೊಂಡು ಬೇಸಿಗೆಯಲ್ಲಿ ಹೋಗುತ್ತಾರೆ. ಮೂರು ಯೂನಿಟ್‌ನ ಒಂದು ಕೋರ್ಸು, ಅಲ್ಲೇ ಪಾಠ, ಅಲ್ಲೇ ಸುತ್ತಾಟ. ಕೆಲಸಕ್ಕೆ ಹೋಗುವವರಿಗೆ, ಮಕ್ಕಳಿರುವವರಿಗೆ, ಮೊದಲ ಸಲ ವಿಮಾನ ಹತ್ತುವವರಿಗೆ ಇದೇ ಸರಿ ಎಂದು ನನ್ನ ಅನಿಸಿಕೆ. ಬಾಡಿಗೆ ಮನೆ ಬಿಡಬೇಕಿಲ್ಲ. ಕೆಲಸ ಕಳೆದುಕೊಳ್ಳಬೇಕಿಲ್ಲ. ಯೂರೋಪಿಗೆ ಹೋದರೆ ಅಮೆರಿಕನ್ ಪಾಸ್‌ಪೋರ್ಟ್ ಇದ್ದವರಿಗೆ 90 ದಿನದವರೆಗೆ ವೀಸಾ ಕೂಡ ಬೇಡ.

ದೊಡ್ಡ ಯೂನಿವರ್ಸಿಟಿಯವರು ಇದನ್ನು ಕಂಡು ಮೂಗು ಮುರಿಯುತ್ತಾರೆ. “ಎರಡು ವಾರದಲ್ಲಿ ಏನು ಕಲಿತಾರೆ?” ಅಂತ. ಹೋಗಿ ಬಂದವರನ್ನು ನಾನು ನೋಡಿದ್ದೇನೆ. ಊರು ಬಿಟ್ಟು ಹೊರಗೆ ಮಲಗಿಯೇ ಗೊತ್ತಿಲ್ಲದ ಹುಡುಗನೊಬ್ಬ ಬಸ್ಸು ಹಿಡಿದು, ಗೊತ್ತಿಲ್ಲದ ಭಾಷೆಯಲ್ಲಿ ಊಟ ಕೇಳಿ, ದಾರಿ ತಪ್ಪಿ, ಮತ್ತೆ ಸರಿದಾರಿಗೆ ಬಂದು ವಾಪಸ್ ಬಂದಿದ್ದಾನೆ. ಮುಂದಿನ ವರ್ಷ ಟ್ರಾನ್ಸ್‌ಫರ್ ಅರ್ಜಿ ಹಾಕುವಾಗ ಅವನು ಮನೆಯಿಂದ ಮೂವತ್ತು ಮೈಲಿಯೊಳಗಿನ ಕಾಲೇಜುಗಳನ್ನಷ್ಟೇ ಹುಡುಕಲಿಲ್ಲ. ಅದೇನು ಕಡಿಮೆಯೇ?

ಆದರೆ ದಿನದ ಲೆಕ್ಕದಲ್ಲಿ ಎಚ್ಚರ ಇರಲಿ. ಎಷ್ಟೋ ಕಾರ್ಯಕ್ರಮಗಳು ಎಂಟು, ಹತ್ತು, ಹನ್ನೆರಡು ದಿನಕ್ಕೆ ಮುಗಿಯುತ್ತವೆ. ಕೆಳಗೆ ಹೇಳುವ ಗಿಲ್ಮನ್ ಸ್ಕಾಲರ್‌ಶಿಪ್‌ಗೆ ಕಮ್ಯುನಿಟಿ ಕಾಲೇಜಿನವರು ಕನಿಷ್ಠ 14 ದಿನ ಅಲ್ಲಿರಬೇಕು. ವಿಮಾನದಲ್ಲಿ ಕಳೆದ ದಿನ ಸೇರಿಸಿಕೊಂಡು ಹದಿನಾಲ್ಕು ಮಾಡಲು ಹೋಗಬೇಡಿ. ಕಾಲೇಜಿನಲ್ಲಿ ಪಾಠ ಮಾಡುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನೀವು ಹನ್ನೆರಡು ದಿನದ ಕೋರ್ಸ್ ಯೋಜನೆ ಮಾಡಿದ್ದರೆ ದಯವಿಟ್ಟು ಹದಿನಾರು ಮಾಡಿ. ನಾಲ್ಕು ರಾತ್ರಿಯ ಹಾಸ್ಟೆಲ್ ಖರ್ಚು ಜಾಸ್ತಿಯಾಗುತ್ತೆ ಅಂತ ನೀವು ಹೆದರುತ್ತೀರಿ. ಆ ನಾಲ್ಕು ರಾತ್ರಿ ಬಡ ಮಕ್ಕಳಿಗೆ ಸಾವಿರಾರು ಡಾಲರಿನ ಬಾಗಿಲು ತೆರೆಯುತ್ತದೆ.

ಸೆಮಿಸ್ಟರ್: ಎರಡು ಪಾಲು ಲೆಕ್ಕ

ಹನ್ನೆರಡು ಯೂನಿಟ್ ತೆಗೆದುಕೊಂಡು ಪೂರ್ತಿ ಸೆಮಿಸ್ಟರ್ ಹೊರಗೆ ಕಳೆಯುವುದು ಇನ್ನೊಂದು ದಾರಿ. ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ರೋಸಾ ಜೂನಿಯರ್ ಕಾಲೇಜು, ಸಿಟ್ರಸ್ ಕಾಲೇಜಿನಂಥವು ಇಂಥ ಸೆಮಿಸ್ಟರ್‌ಗಳನ್ನು ನಡೆಸಿಕೊಂಡು ಬಂದಿವೆ. ಮೊತ್ತ ನೋಡಿದರೆ ಎದೆ ಝಲ್ ಅನ್ನುತ್ತೆ. ಆದರೆ ಬಡ ವಿದ್ಯಾರ್ಥಿಗೆ ಇದರಲ್ಲಿ ಒಂದು ಅನುಕೂಲವಿದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪೆಲ್ ಗ್ರಾಂಟ್ ಇದೆಯಲ್ಲ, ಅದು ಬಡ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ, ತೀರಿಸಬೇಕಿಲ್ಲದ ಹಣ. 2025–26ಕ್ಕೆ ವರ್ಷಕ್ಕೆ ಗರಿಷ್ಠ 7,395 ಡಾಲರ್. ಕೋರ್ಸಿನ ಯೂನಿಟ್‌ಗಳನ್ನು ನಿಮ್ಮ ಕಾಲೇಜು ಒಪ್ಪಿದ್ದರೆ ಆ ಹಣ ವಿದೇಶದ ಸೆಮಿಸ್ಟರಿಗೂ ಬರುತ್ತದೆ. ಪೂರ್ತಿ ಹೊತ್ತಿನ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನಲ್ಲಿ ಅದರ ಅರ್ಧ ಸಿಗುತ್ತದೆ. 12 ಯೂನಿಟ್‌ನ ಫೀಸು ಕ್ಯಾಲಿಫೋರ್ನಿಯಾದಲ್ಲಿ ಬರೀ 552 ಡಾಲರ್, ಅದೂ ಮನ್ನಾ ಆಗಿರುತ್ತದೆ. ಅಂದರೆ ಗ್ರಾಂಟಿನ ಹಣ ಕಾರ್ಯಕ್ರಮದ ಖರ್ಚಿಗೆ ಉಳಿಯಿತು. ಬೇಸಿಗೆಯ ಮೂರು ಯೂನಿಟ್‌ಗೆ ಪೆಲ್ ಸಿಕ್ಕಿದರೂ ತುಣುಕು ಅಷ್ಟೇ.

ಇನ್ನೂ ಒಂದು. ವಿದೇಶದ ಸೆಮಿಸ್ಟರ್‌ಗೆ ಖರ್ಚು ಜಾಸ್ತಿ ಅಂತ ದಾಖಲೆ ಕೊಟ್ಟರೆ ಕಾಲೇಜಿನ ಹಣಕಾಸು ನೆರವಿನ ಆಫೀಸು ಆ ವಿದ್ಯಾರ್ಥಿಯ ಒಟ್ಟು ಓದಿನ ಖರ್ಚಿನ ಅಂಕಿಯನ್ನೇ ಏರಿಸಬಹುದು. ಇದು ಮುಖ್ಯ. ಆ ಅಂಕಿಯನ್ನು ಮೀರಿ ನೆರವು ಕೊಡುವಂತಿಲ್ಲ. ಏರಿಸದೇ ಇದ್ದರೆ ಒಂದು ಕಡೆಯಿಂದ ಬಂದ ಸ್ಕಾಲರ್‌ಶಿಪ್ ಇನ್ನೊಂದು ಕಡೆಯ ಹಣವನ್ನು ತಿಂದು ಹಾಕುತ್ತದೆ. ಕೇಳಿದರೆ ಮಾಡಿಕೊಡುತ್ತಾರೆ. ಕೇಳದೆ ಯಾರೂ ಮಾಡಿಕೊಡುವುದಿಲ್ಲ.

ಇಷ್ಟಾದರೂ ಇನ್ನೊಂದು ಪಾಲು ಲೆಕ್ಕ ಉಳಿಯಿತು. ಮೂರು–ನಾಲ್ಕು ತಿಂಗಳ ಸಂಬಳ ಹೋಗುತ್ತದೆ. ಬಣ್ಣದ ಕಾಗದದಲ್ಲಿ ಇದು ಎಲ್ಲೂ ಬರೆದಿರುವುದಿಲ್ಲ. ತಿಂಗಳಿಗೆ ಸಾವಿರದ ಇನ್ನೂರು ದುಡಿಯುವ ಹುಡುಗನಿಗೆ ನಾಲ್ಕು ತಿಂಗಳಿಗೆ ಸುಮಾರು ಐದು ಸಾವಿರ ಡಾಲರ್ ಅಲ್ಲಿಗೇ ಹೋಯಿತು. ಆ ದುಡ್ಡಿನಲ್ಲಿ ಮನೆ ಬಾಡಿಗೆಯ ಪಾಲು ಕಟ್ಟುತ್ತಿದ್ದನಲ್ಲ, ಅದನ್ನು ಈಗ ಯಾರು ಕಟ್ಟುತ್ತಾರೆ? ಸರ್ಕಾರದ ಆಹಾರ ನೆರವು, ಆರೋಗ್ಯ ವಿಮೆ ಇದ್ದರೆ ಅಷ್ಟು ದಿನ ಹೊರಗಿದ್ದರೆ ಏನಾಗುತ್ತೆ ಅಂತ ಆ ಆಫೀಸಿನಲ್ಲೇ ಕೇಳಿ ತಿಳಿದುಕೊಳ್ಳಬೇಕು. ಯೂರೋಪಿನಲ್ಲಿ 90 ದಿನ ದಾಟಿದರೆ ವಿದ್ಯಾರ್ಥಿ ವೀಸಾ ಬೇಕು. ಅದಕ್ಕೆ ಕಾನ್ಸುಲೇಟ್‌ಗೆ ಓಡಾಟ, ಒಂದು ದಿನದ ಕೆಲಸ ಹಾಳು. ಹನ್ನೆರಡು ವಾರಕ್ಕೇ ಮುಗಿಯುವ ಸೆಮಿಸ್ಟರ್ ಸಿಕ್ಕಿದರೆ ಅದನ್ನೇ ಹಿಡಿಯಿರಿ, ವೀಸಾದ ತಲೆನೋವು ಅಷ್ಟಕ್ಕಷ್ಟೇ.

ತಂದೆ ತಾಯಿ ಜೊತೆ ಇರುವ, ಬಾಡಿಗೆ ಕಟ್ಟಬೇಕಿಲ್ಲದ, ಪೂರ್ತಿ ಪೆಲ್ ಸಿಗುವ ಹತ್ತೊಂಬತ್ತರ ಮಕ್ಕಳಿಗೆ ಸೆಮಿಸ್ಟರ್ ನಿಜಕ್ಕೂ ಒಳ್ಳೆಯದು. ಮನೆ ನಡೆಸುವವರಿಗೆ ನಾನು ಹೇಳುವುದಿಲ್ಲ.

ಈಗ ಬೇಡ, ಟ್ರಾನ್ಸ್‌ಫರ್ ಆದ ಮೇಲೆ

ಇದೂ ಒಂದು ಆಯ್ಕೆಯೇ. ನಾಚಿಕೆ ಪಡುವಂಥದ್ದೇನಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ವಿದೇಶ ಶಿಕ್ಷಣ ಕಾರ್ಯಕ್ರಮ 1962ರಿಂದ ಇದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯದ್ದು 1963ರಿಂದ. ಅಲ್ಲಿ ನೆರವಿನ ಹಣ ಜೊತೆಗೇ ಬರುತ್ತದೆ, ಇದನ್ನೇ ಕೆಲಸ ಮಾಡಿಕೊಂಡಿರುವ ಸಲಹೆಗಾರರಿರುತ್ತಾರೆ, ಆಯ್ಕೆಗಳೂ ಹತ್ತಾರು ದೇಶಗಳಲ್ಲಿ.

ತೊಂದರೆ ಏನೆಂದರೆ ಟ್ರಾನ್ಸ್‌ಫರ್ ಆದವರಿಗೆ ಅಲ್ಲಿ ಉಳಿಯುವುದು ಎರಡೇ ವರ್ಷ. ಎಂಜಿನಿಯರಿಂಗ್, ಬಯಾಲಜಿಯಂಥ ಓದಿನಲ್ಲಿ ಮೇಜರ್, ಅಂದರೆ ಮುಖ್ಯ ವಿಷಯದ ಪಾಠಗಳೇ ಆ ಎರಡು ವರ್ಷ ತುಂಬಿಬಿಡುತ್ತವೆ. “ಆಮೇಲೆ ಹೋಗ್ತೀನಿ” ಅಂದವರಲ್ಲಿ ಹೆಚ್ಚಿನವರು ಹೋಗುವುದೇ ಇಲ್ಲ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಓದುವವರು ಕಾಯಬಹುದು. ಸೈನ್ಸಿನವರು ಸಾಧ್ಯವಾದರೆ ಕಮ್ಯುನಿಟಿ ಕಾಲೇಜಿನಲ್ಲಿರುವಾಗಲೇ ಎರಡು ವಾರ ಹೋಗಿ ಬರಲಿ.

ಡಿಗ್ರಿಯೇ ಅಲ್ಲಿ ಮಾಡಿದರೆ?

ಜರ್ಮನಿಯಲ್ಲಿ ಫೀಸು ಇಲ್ಲ ಅಂತ ವಿಡಿಯೋ ನೋಡಿ ಬರುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ. ಫೀಸು ಇಲ್ಲ ನಿಜ, ಅದೂ ಎಲ್ಲ ಕಡೆ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ. ಊಟ, ವಸತಿ ಪುಕ್ಕಟೆ ಅಲ್ಲ. ಒಂದು ವರ್ಷದ ಖರ್ಚು ಅಂತ 11,904 ಯೂರೋ ತೋರಿಸಬೇಕು, ಸಾಮಾನ್ಯವಾಗಿ ಅದನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ಕಟ್ಟಿಡುತ್ತಾರೆ. ಮುಖ್ಯವಾಗಿ, ವಿದೇಶದ ಕಾಲೇಜಿಗೇ ನೇರ ಸೇರಿದರೆ ಪೆಲ್ ಗ್ರಾಂಟ್ ಸಿಗುವುದಿಲ್ಲ. ಕೈಯಲ್ಲಿರುವ ಹಣ ಬಿಟ್ಟು ಇಲ್ಲದ ಹಣ ಹುಡುಕಿದ ಹಾಗೆ. ಬಡ ಮಕ್ಕಳಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಕೂತಲ್ಲೇ ವಿದೇಶ

ಎರಡು ದೇಶದ ಎರಡು ತರಗತಿಗಳು ಆನ್‌ಲೈನ್‌ನಲ್ಲಿ ಸೇರಿ ಕೆಲವು ವಾರ ಒಂದು ಕೆಲಸ ಮಾಡುವುದು. ಕಾಯಿಲ್ ಅಂತ ಕರೆಯುತ್ತಾರೆ, ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ಇದನ್ನು ಬೆಳೆಸಿತು. ಖರ್ಚಿಲ್ಲ. ಮಗುವಿಗೆ ಹಾಲೂಡಿಸುತ್ತಾ ಮಾತಾಡಿದ ತಾಯಿಯೊಬ್ಬರನ್ನು ನಾನು ಬಲ್ಲೆ. ಆದರೆ ಹೊರಗೆ ಹೋಗುವುದಕ್ಕೆ ಇದು ಬದಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಡ ಮಕ್ಕಳಿಗೆ ಪರದೆ, ಶ್ರೀಮಂತರಿಗೆ ವಿಮಾನ ಅಂತ ಆಗಬಾರದು.

ಈಗ ಡಾಲರ್ ಎಣಿಸೋಣ

ಮೊದಲು ಗಿಲ್ಮನ್. ಕಾಂಗ್ರೆಸ್ ಸದಸ್ಯ ಬೆಂಜಮಿನ್ ಗಿಲ್ಮನ್ ಹೆಸರಿನದು, 2000ದ ಕಾಯ್ದೆಯಿಂದ ಹುಟ್ಟಿದ್ದು, ವಿದೇಶಾಂಗ ಇಲಾಖೆಯ ಹಣ. ಪೆಲ್ ಗ್ರಾಂಟ್ ಪಡೆಯುವವರಿಗೆ ಮಾತ್ರ. ಹಾಗಾಗಿ ಇಲ್ಲಿ ನಮ್ಮ ಬೇಕರಿ ಹುಡುಗಿ ಶ್ರೀಮಂತರ ಮಕ್ಕಳ ಜೊತೆ ಪೈಪೋಟಿ ಮಾಡಬೇಕಿಲ್ಲ. 5,000 ಡಾಲರ್‌ವರೆಗೆ ಸಿಗುತ್ತದೆ. ಅರಬ್ಬಿ, ಚೀನೀ ಭಾಷೆಯಂಥವನ್ನು ಅಲ್ಲೇ ಕಲಿಯುವವರಿಗೆ 8,000ದವರೆಗೆ. ನಾಲ್ಕು ವರ್ಷದ ಕಾಲೇಜಿನವರು 21 ದಿನ ಇರಬೇಕು, ನಮ್ಮ ಕಾಲೇಜಿನವರಿಗೆ 14 ಸಾಕು. ಕಮ್ಯುನಿಟಿ ಕಾಲೇಜಿನವರ ಬದುಕು ಹೇಗಿರುತ್ತೆ ಅಂತ ಯಾರೋ ಒಬ್ಬರು ಯೋಚನೆ ಮಾಡಿದ್ದಾರೆ ಅನ್ನಿಸುವ ನಿಯಮ ಅದೊಂದೇ ಇರಬೇಕು. ವರ್ಷಕ್ಕೆ ಎರಡು ಸಲ ಅರ್ಜಿ, ಮಾರ್ಚ್ ಮತ್ತು ಅಕ್ಟೋಬರ್ ಶುರುವಿನಲ್ಲಿ ಕೊನೆ ದಿನ. ಶಿಫಾರಸು ಪತ್ರ ಬೇಡ. ವಾಪಸ್ ಬಂದ ಮೇಲೆ ತನ್ನ ಕಾಲೇಜಿನಲ್ಲೋ ಊರಿನಲ್ಲೋ ಬೇರೆಯವರಿಗೂ ಈ ದಾರಿ ತೋರಿಸುವ ಒಂದು ಕೆಲಸ ಮಾಡಬೇಕು, ಅದರ ಯೋಜನೆಯನ್ನು ಅರ್ಜಿಯಲ್ಲೇ ಬರೆಯಬೇಕು.

ಬರೆಯುವ ಬಗ್ಗೆ ಒಂದು ಮಾತು. ಮಕ್ಕಳು ಮೊದಲ ಕರಡಿನಲ್ಲಿ “ಬೇರೆ ಸಂಸ್ಕೃತಿ ತಿಳಿಯಲು ಆಸೆ” ಅಂತ ಬರೆದು ತರುತ್ತಾರೆ. ನಾನು ಅದನ್ನು ಹೊಡೆದು ಹಾಕುತ್ತೇನೆ. ಬೇಕರಿ ಹುಡುಗಿಯ ಓದು ಪೋಷಣೆ ಮತ್ತು ಆಹಾರದ್ದು. ಕೋಸ್ಟಾರಿಕಾದಲ್ಲಿ ಕಾಫಿ ತೋಟಗಳ ಕೆಲಸಗಾರರು ಏನು ತಿನ್ನುತ್ತಾರೆ ಎಂದು ನೋಡುವ ಕೋರ್ಸು ಅದು. ಅವಳ ಅಮ್ಮ ಲೆಟ್ಯೂಸ್ ಹೊಲದಲ್ಲಿ ದುಡಿದವರು. “ಅಮ್ಮ ಮಧ್ಯಾಹ್ನ ಹೊಲದಲ್ಲಿ ಏನು ತಿಂತಿದ್ರು?” ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೆಳಗ್ಗೆ ಸುತ್ತಿಕೊಟ್ಟ ಬೀನ್ಸ್ ಟಾಕೋ, ಮಧ್ಯಾಹ್ನಕ್ಕೆ ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು, ಗಾಡಿಯ ಎಂಜಿನ್ ಮೇಲಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದರು ಅಂದಳು. ಅದೇ ಮೊದಲ ಸಾಲಾಯಿತು.

ಗಿಲ್ಮನ್‌ನ ಒಂದು ದೋಷ ಅಂದರೆ ಅದು ಸರ್ಕಾರದ ಹಣ. 2025ರ ಫೆಬ್ರವರಿಯಲ್ಲಿ ವಿದೇಶಾಂಗ ಇಲಾಖೆ ಇಂಥ ಕಾರ್ಯಕ್ರಮಗಳ ಹಣ ತಡೆಹಿಡಿದಾಗ ಟಿಕೆಟ್ ಕೊಂಡು ಕೂತಿದ್ದವರ ನಿದ್ದೆ ಹಾರಿಹೋಗಿತ್ತು. ಅದಕ್ಕೇ ಒಂದನ್ನೇ ನಂಬಿ ಕೂರಬೇಡಿ.

ಎರಡನೆಯದು ಫಂಡ್ ಫಾರ್ ಎಜುಕೇಶನ್ ಅಬ್ರಾಡ್. ಸರ್ಕಾರದ್ದಲ್ಲ, ವಾಷಿಂಗ್ಟನ್‌ನ ಒಂದು ದತ್ತಿ ಸಂಸ್ಥೆ, 2010ರಿಂದ ಇದೆ. ಮನೆಯಲ್ಲಿ ಮೊದಲು ಕಾಲೇಜು ಕಂಡವರು, ಕಮ್ಯುನಿಟಿ ಕಾಲೇಜಿನವರು ಅಂದರೆ ಅವರಿಗೆ ಒಲವು. ಗ್ರೀನ್ ಕಾರ್ಡ್ ಇರುವವರೂ ಹಾಕಬಹುದು, ಇದು ದೊಡ್ಡ ವ್ಯತ್ಯಾಸ. ಗಿಲ್ಮನ್‌ಗೆ ಅಮೆರಿಕದ ಪೌರತ್ವ ಬೇಕೇ ಬೇಕು. ಆದರೆ ಇಲ್ಲಿ ಕನಿಷ್ಠ ನಾಲ್ಕು ವಾರ ಹೊರಗಿರಬೇಕು. ಹದಿನೆಂಟು ದಿನದ ಹುಡುಗಿಗೆ ಇದು ಸಿಗಲಿಲ್ಲ. ಸೆಮಿಸ್ಟರ್ ಹೋಗುವವರು ಎರಡಕ್ಕೂ ಹಾಕಲಿ.

ಫ್ರೀಮನ್-ಏಷ್ಯಾ ಎಂಬ ಮೂರನೆಯದು ಪೂರ್ವ ಮತ್ತು ಆಗ್ನೇಯ ಏಷ್ಯಾಕ್ಕೆ ಮಾತ್ರ. ಜಪಾನ್, ಕೊರಿಯಾ, ವಿಯೆಟ್ನಾಂ ಹೀಗೆ. ಗ್ರೀನ್ ಕಾರ್ಡಿನವರಿಗೂ ಉಂಟು. ಭಾರತ ಇದರಲ್ಲಿಲ್ಲ, ಕೇಳಬೇಡಿ, ನನ್ನನ್ನು ನಾಲ್ಕು ಜನ ಕೇಳಿ ಆಯಿತು. ಕ್ರಿಟಿಕಲ್ ಲ್ಯಾಂಗ್ವೇಜ್ ಸ್ಕಾಲರ್‌ಶಿಪ್ ಬೇರೆಯೇ ಜಾತಿ. ಬೇಸಿಗೆಯಲ್ಲಿ ಎಂಟು–ಹತ್ತು ವಾರ ಒಂದು ಭಾಷೆ ಕಲಿಯುವುದು. ಟಿಕೆಟ್, ಊಟ, ವಸತಿ ಎಲ್ಲ ಅವರದ್ದೇ. ಕಮ್ಯುನಿಟಿ ಕಾಲೇಜಿನವರೂ ಹಾಕಬಹುದು, ಆದರೆ ಪೈಪೋಟಿ ಭಯಂಕರ. ಎರಡು ತಿಂಗಳು ಬಿಡುವು ಮಾಡಿಕೊಳ್ಳಬಲ್ಲವರು ಒಂದು ಕೈ ನೋಡಲಿ.

ಕಾಲೇಜಿನ ಸ್ವಂತ ಫೌಂಡೇಶನ್ ಹಣವನ್ನು ಜನ ಮರೆತುಬಿಡುತ್ತಾರೆ. ಐನೂರು, ಸಾವಿರ ಡಾಲರ್ ಅಷ್ಟೇ ಇರಬಹುದು. ಅರ್ಜಿ ಹಾಕುವವರೂ ಕಡಿಮೆ.

ಇವುಗಳಲ್ಲಿ ಊಟ, ವಸತಿ, ಟಿಕೆಟ್ಟಿಗೆ ಹೋಗುವ ಹಣ ತೆರಿಗೆಗೆ ಒಳಪಡುವ ಆದಾಯ. ಹೆಚ್ಚಿನವರಿಗೆ ಕಟ್ಟಬೇಕಾದ್ದು ಏನೂ ಬರುವುದಿಲ್ಲ. ಆದರೂ ರಸೀದಿ ಇಟ್ಟುಕೊಳ್ಳಿ.

ನಾನೇ ಎಡವಿದ ಕಡೆ

ಗಿಲ್ಮನ್ ಅರ್ಜಿಯನ್ನು ವಿದ್ಯಾರ್ಥಿ ಕಳಿಸಿದರೆ ಮುಗಿಯುವುದಿಲ್ಲ. ಕಾಲೇಜಿನ ಇಬ್ಬರು ಆನ್‌ಲೈನ್‌ನಲ್ಲಿ ದೃಢಪಡಿಸಬೇಕು. ಒಬ್ಬರು ವಿದೇಶ ಶಿಕ್ಷಣದ ಸಲಹೆಗಾರರು, ಇನ್ನೊಬ್ಬರು ಹಣಕಾಸು ನೆರವಿನವರು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನ ಅರ್ಜಿ ನಾನೇ ಮುಂದೆ ನಿಂತು ತುಂಬಿಸಿದ್ದೆ. ಚೆನ್ನಾಗಿತ್ತು. ಕೊನೆ ದಿನಕ್ಕೆ ಎರಡು ದಿನ ಮೊದಲೇ ಕಳಿಸಿ ಬೆನ್ನು ತಟ್ಟಿಕೊಂಡೆವು. ದೃಢಪಡಿಸಬೇಕಾದವರು ಹೆರಿಗೆ ರಜೆಯಲ್ಲಿದ್ದರು. ಬದಲಿ ಯಾರು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಮೇಲ್ ಅವರ ಪೆಟ್ಟಿಗೆಯಲ್ಲೇ ಕೂತಿತ್ತು. ಆ ಹುಡುಗ ಹೋಗಲಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಇಲ್ಲ, “ಪರವಾಗಿಲ್ಲ, ನಂಗೆ ಇಂಥದ್ದೆಲ್ಲ ಆಗುತ್ತೆ” ಅಂದ. ಅದು ಇವತ್ತಿಗೂ ಚುಚ್ಚುತ್ತೆ.

ಈಗ ನಾನು ಅರ್ಜಿ ಶುರು ಮಾಡಿದ ದಿನವೇ ಹುಡುಗರನ್ನು ಎಬ್ಬಿಸಿ ಆ ಎರಡು ಕಿಟಕಿಗೆ ಕಳಿಸುತ್ತೇನೆ. ಹೆಸರು ಕೇಳು, ಮುಖ ನೋಡು, ಆ ವಾರ ರಜೆ ಇದೆಯಾ ಕೇಳು. ಪ್ರಬಂಧ ಆಮೇಲೆ.

ಪಾಸ್‌ಪೋರ್ಟ್, ಡಿಪಾಸಿಟ್, ಮತ್ತು ನಿಮ್ಮ ಐನೂರು ಡಾಲರ್

ಪಾಸ್‌ಪೋರ್ಟ್ ಮೊದಲ ಸಲ ಮಾಡಿಸಲು ದೊಡ್ಡವರಿಗೆ 130 ಡಾಲರ್, ಜೊತೆಗೆ 35 ಡಾಲರ್, ಒಟ್ಟು 165. ಫೋಟೋ ಬೇರೆ. ಅರ್ಜೆಂಟ್ ಆದರೆ ಇನ್ನೂ 60. ನಮಗೆ ಇದು ಒಂದು ಸಂಜೆಯ ಹೋಟೆಲ್ ಬಿಲ್. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಎರಡು ದಿನದ ಕೂಲಿ, ಅದೂ ಸ್ಕಾಲರ್‌ಶಿಪ್ ಸಿಗುತ್ತೋ ಇಲ್ಲವೋ ಗೊತ್ತಾಗುವ ಮೊದಲೇ. ಅಸಲಿ ಜನನ ಪತ್ರ ಬೇಕು. ಬೇಕರಿ ಹುಡುಗಿಯದ್ದು ಅಡುಗೆಮನೆಯ ನೀಲಿ ಬಿಸ್ಕತ್ ಡಬ್ಬಿಯಲ್ಲಿತ್ತು. ನಮ್ಮ ಮನೆಗಳಲ್ಲಿ ಆ ಡಬ್ಬಿ ತೆರೆದರೆ ಸೂಜಿ ದಾರ ಇರುತ್ತೆ, ಅಲ್ವಾ? ಅವರ ಮನೆಯಲ್ಲಿ ಇಡೀ ಸಂಸಾರದ ಕಾಗದಪತ್ರ. ಪತ್ರದ ಒಂದು ಮೂಲೆ ಎಣ್ಣೆಯಾಗಿತ್ತು. ಅಂಚೆ ಕಚೇರಿಯ ಕಿಟಕಿಯಲ್ಲಿದ್ದವರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ ಒಪ್ಪಿಕೊಂಡರು. ನಾವಿಬ್ಬರೂ ಆಮೇಲೆ ಉಸಿರು ಬಿಟ್ಟೆವು.

ಕಾರ್ಯಕ್ರಮದ ಡಿಪಾಸಿಟ್ ಇನ್ನೊಂದು ಗುಂಡಿ. ಫೆಬ್ರವರಿಯಲ್ಲಿ ನಾಲ್ಕು ನೂರೋ ಐನೂರೋ ಕಟ್ಟಬೇಕು, ಬಹಳ ಸಲ ಅದು ವಾಪಸ್ ಬರುವುದಿಲ್ಲ. ಸ್ಕಾಲರ್‌ಶಿಪ್ ಫಲಿತಾಂಶ ಬರುವುದು ಎಷ್ಟೋ ವಾರದ ಮೇಲೆ. ಐದು ಸಾವಿರ ಡಾಲರಿನ ಸ್ಕಾಲರ್‌ಶಿಪ್ ಗೆಲ್ಲಬಲ್ಲ ಮಕ್ಕಳು ಐನೂರು ಇಲ್ಲದೆ ಹಿಂದೆ ಸರಿಯುವುದು ಇಲ್ಲಿಯೇ.

ಕನ್ನಡ ಕೂಟದ ಗೆಳೆಯರು “ಒಂದು ಮಗುವಿನ ಪೂರ್ತಿ ಖರ್ಚು ನಾವೇ ಹಾಕೋಣ” ಅಂತ ಉತ್ಸಾಹದಿಂದ ಬರುತ್ತಾರೆ. ಬೇಡ ಅನ್ನುತ್ತೇನೆ. ಐದು ಸಾವಿರ ಡಾಲರ್ ಇದ್ದರೆ ಒಬ್ಬರ ಟಿಕೆಟ್ಟು, ವಸತಿಗೆ ಸುರಿಯಬೇಡಿ. ಏಳೆಂಟು ಜನರ ಪಾಸ್‌ಪೋರ್ಟ್ ಮತ್ತು ಡಿಪಾಸಿಟ್ ಕಟ್ಟಿ. ಅವರಲ್ಲಿ ಮೂವರಿಗೆ ಗಿಲ್ಮನ್ ಸಿಕ್ಕರೂ ನಿಮ್ಮ ಹಣಕ್ಕೆ ಹಲವು ಪಟ್ಟು ಹೊರಗಿನ ಹಣ ಸೇರಿತು. ಸಿಗದವರ ಕೈಯಲ್ಲಿ ಹತ್ತು ವರ್ಷದ ಪಾಸ್‌ಪೋರ್ಟ್ ಉಳಿಯಿತು. ಹಣವನ್ನು ಕಾಲೇಜಿನ ಫೌಂಡೇಶನ್ ಮೂಲಕ ಕೊಡಿ, ಆದರೆ ಯಾವಾಗ ಕೈಗೆ ಸಿಗಬೇಕು ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ. ಜೂನ್‌ನಲ್ಲಿ ಬರುವ ಚೆಕ್ಕಿನಿಂದ ಫೆಬ್ರವರಿಯ ಡಿಪಾಸಿಟ್ ಕಟ್ಟಲು ಆಗುವುದಿಲ್ಲ.

ಈ ದಾರಿ ಸಲ್ಲದವರು

ದಾಖಲೆ ಇಲ್ಲದೆ ಬೆಳೆದ ಮಕ್ಕಳು, ಡಾಕಾ (ಚಿಕ್ಕಂದಿನಲ್ಲಿ ದಾಖಲೆ ಇಲ್ಲದೆ ಬಂದವರಿಗೆ ಸರ್ಕಾರ ಕೊಟ್ಟ ತಾತ್ಕಾಲಿಕ ರಕ್ಷಣೆ) ಇರುವವರು ನಮ್ಮ ಕಾಲೇಜುಗಳಲ್ಲಿ ತುಂಬಾ ಇದ್ದಾರೆ. ಡಾಕಾದವರು ಹೊರಗೆ ಹೋಗಿ ವಾಪಸ್ ಬರಲು ಮುಂಗಡ ಅನುಮತಿ ಬೇಕು. ಅನುಮತಿ ಇದ್ದರೂ ಗಡಿಯಲ್ಲಿ ಖಾತರಿ ಇಲ್ಲ. ವಲಸೆ ಕಾನೂನಿನ ವಕೀಲರನ್ನು ಕೇಳದೆ ಕಾಲು ಹೊರಗಿಡಬೇಡಿ ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಇವರಿಗೆ ಮಾತ್ರ ಆನ್‌ಲೈನ್ ತರಗತಿಯೇ ಈಗ ಸುರಕ್ಷಿತ.

ಕರ್ನಾಟಕದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದು ಕಮ್ಯುನಿಟಿ ಕಾಲೇಜಿನಲ್ಲಿ ಓದುವವರೂ ಇದ್ದಾರೆ. ಪೆಲ್ ಇಲ್ಲ, ಗಿಲ್ಮನ್ ಇಲ್ಲ. ಮೇಷ್ಟ್ರ ಜೊತೆ ಹೋಗುವ ಕೋರ್ಸಿಗೆ ಸೇರಬಹುದು, ಹಣ ಕಾಲೇಜಿನ ಫೌಂಡೇಶನ್ನಿನಿಂದಲೇ ಹುಡುಕಬೇಕು. ಹೊರಡುವ ಮೊದಲು ಕಾಲೇಜು ಕೊಟ್ಟ ಐ-20 ಪತ್ರದ ಮೇಲೆ ಪ್ರಯಾಣದ ಸಹಿ, ವೀಸಾ ಅವಧಿ ಎರಡನ್ನೂ ನೋಡಿಕೊಳ್ಳಿ. ವೀಸಾ ಮುಗಿದಿದ್ದರೆ ಹೋಗುವ ಯೋಚನೆ ಬಿಡಿ.

ನಮ್ಮವರ ಮಕ್ಕಳು, ಇಲ್ಲೇ ಹುಟ್ಟಿದವರು, ಇನ್ನೊಂದು ಕೇಳುತ್ತಾರೆ. “ಬೇಸಿಗೆಗೆ ಹೇಗೂ ಅಜ್ಜಿ ಮನೆಗೆ ಹೋಗ್ತೀನಲ್ಲ, ಅದಕ್ಕೆ ಸ್ಕಾಲರ್‌ಶಿಪ್ ಸಿಗುತ್ತಾ?” ಸಿಗುವುದಿಲ್ಲ. ಯೂನಿಟ್ ಕೊಡುವ ಓದು ಇರಬೇಕು. ಆದರೆ ಮೈಸೂರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಕನ್ನಡ ಕಲಿಸುತ್ತದೆ. ಅಂಥ ಕಡೆ ಸೇರಿ, ಯೂನಿಟ್ ಒಪ್ಪುತ್ತೇವೆ ಅಂತ ತಮ್ಮ ಕಾಲೇಜಿನಿಂದ ಮೊದಲೇ ಬರಹದಲ್ಲಿ ಪಡೆದರೆ ಅರ್ಜಿ ಹಾಕಲು ದಾರಿ ಇದೆ. ಓಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವುದು) ಇದ್ದರೆ ವಿದ್ಯಾರ್ಥಿ ವೀಸಾ ಬೇಡ. ವಾರದ ಕೊನೆಗೆ ಅಜ್ಜಿ ಮನೆ ಊಟ ಹೇಗೂ ಇದ್ದೇ ಇದೆ.

ಬೇಕರಿ ಹುಡುಗಿಯ ಅರ್ಜಿ ಮಾರ್ಚ್ ಮೊದಲ ವಾರ ಹೋಯಿತು. ದೃಢಪಡಿಸುವ ಇಬ್ಬರನ್ನೂ ಅವಳೇ ಹೋಗಿ ಕಂಡು ಬಂದಿದ್ದಳು. ಒಬ್ಬರಿಗೆ ಬೇಕರಿಯಿಂದ ಬನ್ನು ಕೂಡ ಒಯ್ದಿದ್ದಳಂತೆ. ಮೇ ತಿಂಗಳಲ್ಲಿ ಮತ್ತೆ ನನ್ನ ಮೇಜಿಗೆ ಬಂದಳು. ಈ ಸಲ ಕೇಳಿದ್ದು ಬೇರೆ: ಕೋಸ್ಟಾರಿಕಾದಲ್ಲಿ ಜೂನ್ ಮಳೆಗಾಲವಂತೆ, ಕೊಡೆ ತೊಗೊಂಡು ಹೋಗಬೇಕಾ, ಅಲ್ಲೇ ಸಿಗುತ್ತಾ?